ಇಂದಿನ ಧಮ್ಮ ಚಿಂತನೆ: ಕೂಲಿ ಕೇಳುವುದೂ ಸಮ್ಮಾ ಆಜೀವ



ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಯಜಮಾನನಿಗೆ ಐದು ಕರ್ತವ್ಯ ಹೇಳುತ್ತಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಕಾಲಕ್ಕೆ ಬಿಡುವು. ಕೂಲಿ ದಯೆಯಲ್ಲ. ಬಾಬಾಸಾಹೇಬರು ಕಾರ್ಮಿಕ ಸದಸ್ಯರಾಗಿ 1946ರಲ್ಲಿ ಮಂಡಿಸಿದ ಕನಿಷ್ಠ ವೇತನ ಮಸೂದೆ 1948ರಲ್ಲಿ ಕಾಯ್ದೆಯಾಯಿತು.

ಆದರೂ "ಕೊಟ್ಟಷ್ಟು ತಗೋ" ಎಂದು ಕೇಳಿ ಬೆಳೆದ ನಮಗೆ ಬಾಯಿ ಬರುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನಾನು ದಿನದ ಪೀಸು, ವಾಪಸ್ ಬಂದ ಪೀಸು, ಹೊಸಬರಿಗೆ ಕಲಿಸಿದ ಗಂಟೆ ಡೈರಿಯಲ್ಲಿ ಬರೆದಿಡುತ್ತೇನೆ. ಇದೇ ಕೆಲಸಕ್ಕೆ ಬೇರೆ ಕಡೆ ಎಷ್ಟು ಕೊಡುತ್ತಾರೆಂದು ವಿಚಾರಿಸುತ್ತೇನೆ. ಸಂಬಳದ ಮಾತು ಬಂದಾಗ ಕಷ್ಟ ತೋಡಿಕೊಳ್ಳದೆ ಲೆಕ್ಕ ಮುಂದಿಡುತ್ತೇನೆ. ಹೆಚ್ಚಿಸಿ ಹೇಳಿದರೆ ನಾಲ್ಕನೆಯ ಶೀಲ ಮುರಿಯುತ್ತದೆ. ತಗ್ಗಿಸಿ ಹೇಳಿದರೂ ಅದು ಸುಳ್ಳೇ.

ಈ ವಾರದ ನಿಮ್ಮ ಕೆಲಸವನ್ನು ಇಂದಿನಿಂದಲೇ ಬರೆದಿಡಿ.