ಎಣಿಕೆ ಮುಗಿದ ಮೇಲೆ ಕಚೇರಿಗೆ ಹೋಗುವವರಿಗೆ

ಮತ ಎಣಿಕೆ ಮುಗಿದ ಮೇಲೆ ಬರುವ ಮೊದಲ ಕೆಲಸದ ದಿನ ನಮ್ಮ ಕಡೆಯ ಕಚೇರಿಗಳಲ್ಲಿ ಕೆಲಸಕ್ಕಿಂತ ಲೆಕ್ಕಾಚಾರವೇ ಜಾಸ್ತಿ. ಯಾರ ಮೊಬೈಲ್ ಸ್ಟೇಟಸ್ ರಾತ್ರೋರಾತ್ರಿ ಬದಲಾಯಿತು, ಯಾರು ಹಾರ ಹಿಡಿದು ಮೊದಲು ಓಡಿದರು, ಚಹಾದಂಗಡಿಯಲ್ಲಿ ಯಾರು ಯಾರಿಂದ ದೂರ ನಿಂತರು ಎಂಬುದೇ ಮಾತು. ಹೊಸದಾಗಿ ಸೇವೆಗೆ ಸೇರಿದ ಹುಡುಗ ಹುಡುಗಿಯರು ಇದನ್ನೆಲ್ಲ ನೋಡಿ ಗಾಬರಿ ಬೀಳುತ್ತಾರೆ. ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು, "ಕಾಕಾ, ನನ್ನ ಎತ್ತಂಗಡಿ ಮಾಡ್ತಾರಂತ, ಖರೇನು?" ಎಂದು ಕೇಳುತ್ತಾರೆ. ಕಂದಾಯ ಇಲಾಖೆಯಲ್ಲಿ ತಲೆ ಹಣ್ಣಾದವನು ನಾನು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಮ್ಮಾ, ಮೊದಲು ರೋಣ ಮತಕ್ಷೇತ್ರದ ಫಲಿತಾಂಶಗಳನ್ನು ಸಾಲಾಗಿ ಇಟ್ಟು ನೋಡು. 2008ರಲ್ಲಿ ಕಳಕಪ್ಪ ಬಂಡಿ ಗೆದ್ದರು. 2013ರಲ್ಲಿ ಜಿ.ಎಸ್. ಪಾಟೀಲರು. 2018ರಲ್ಲಿ ಮತ್ತೆ ಬಂಡಿಯವರು, 2023ರಲ್ಲಿ ಮತ್ತೆ ಪಾಟೀಲರು. ರೋಣ, ಗಜೇಂದ್ರಗಡದ ಜನ ಪ್ರತಿ ಸಲವೂ ಬದಲಿಸಿದ್ದಾರೆ. 2008ರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿದವನು ಒಂದು ಪಕ್ಷದ ಬಣ್ಣ ಬಳಿದುಕೊಂಡಿದ್ದರೆ ಅವನ ಅರ್ಧ ಸೇವೆ ಮೆರವಣಿಗೆಯಲ್ಲಿ, ಇನ್ನರ್ಧ ಮೂಲೆಯಲ್ಲಿ ಕಳೆಯುತ್ತಿತ್ತು. ಪಕ್ಕದ ನರಗುಂದದಲ್ಲಿ 2013ರಲ್ಲಿ ಬಿ.ಆರ್. ಯಾವಗಲ್, ಅದಕ್ಕೆ ಮುಂಚೆಯೂ ಆಮೇಲೆಯೂ ಸಿ.ಸಿ. ಪಾಟೀಲರು. ಇದರಲ್ಲಿ ಇನ್ನೊಂದು ತೊಡಕುಂಟು. ಹೊಳೆಆಲೂರು ಹೋಬಳಿ ಇರುವುದು ರೋಣ ತಾಲ್ಲೂಕಿನಲ್ಲಿ, ಮತ ಹಾಕುವುದು ನರಗುಂದ ಕ್ಷೇತ್ರಕ್ಕೆ. ಹಾಗಾಗಿ 2023ರಿಂದ ರೋಣದ ಸಿಬ್ಬಂದಿಗೆ ಆಳುವ ಪಕ್ಷದ ಶಾಸಕರೊಬ್ಬರು, ವಿರೋಧ ಪಕ್ಷದ ಶಾಸಕರೊಬ್ಬರು. ಇಂಥ ಕಚೇರಿಯಲ್ಲಿ "ನಾ ಇವರ ಕಡೆಯವ" ಎನ್ನುವವನು ಬೆಳಿಗ್ಗೆ ಒಬ್ಬರ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕುಳಿತು ಮಧ್ಯಾಹ್ನ ಇನ್ನೊಬ್ಬರಿಗೆ ಏನು ಮುಖ ತೋರಿಸಬೇಕು?

ಹೊಸ ಶಾಸಕರಿಗೆ ಹೆದರಬೇಡ. ಅವರಿಗೆ ಜನ ಮತ ಕೊಟ್ಟಿದ್ದಾರೆ, ಕೆಲಸ ಕೇಳುವ ಹಕ್ಕು ಅವರಿಗಿದೆ. ಬಗರ್‌ಹುಕುಂ ಸಮಿತಿಗೆ, ಆಶ್ರಯ ಸಮಿತಿಗೆ ಅವರೇ ಅಧ್ಯಕ್ಷರು. ಮೊದಲ ಸಭೆಗೆ ಹೋಗುವಾಗ ಬಾಕಿ ಅರ್ಜಿ ಎಷ್ಟು, ಬಿಡುಗಡೆಯಾದ ಅನುದಾನ ಎಷ್ಟು, ಖರ್ಚು ಎಷ್ಟು ಎಂಬ ಸರಿಯಾದ ಅಂಕಿ ಒಯ್ಯಿ. ಹೂವಿನ ಹಾರಕ್ಕಿಂತ ಅದು ಹೆಚ್ಚು ಬಾಳುತ್ತದೆ. ನಿನ್ನ ನಿದ್ದೆ ಕೆಡಿಸುವವರು ಬೇರೆ. ಗೆದ್ದವರ ಹಿಂದೆ ಬರುವ ಹತ್ತು ಮಂದಿ. "ಸಾಹೇಬ್ರು ಹೇಳ್ಯಾರ, ಈ ಪಟ್ಟಿ ಹಾಕ್ರಿ" ಎಂದು ಟೇಬಲ್ ಮೇಲೆ ಚೀಟಿ ಇಡುತ್ತಾರೆ. ಸಾಹೇಬರು ಹೇಳಿರುತ್ತಾರೋ ಇಲ್ಲವೋ ದೇವರೇ ಬಲ್ಲ.

ಆಗ ದನಿ ಏರಿಸಬೇಡ. ಚಹಾ ಹೇಳು, ಕೂರಿಸು. "ಒಂದು ಅರ್ಜಿ ಬರ್ದು ಕೊಡ್ರೀ ಅಣ್ಣಾರ, ಸ್ವೀಕೃತಿ ಕೊಡ್ತೀನಿ" ಎನ್ನು. ಅರ್ಧ ಮಂದಿ ಅಲ್ಲಿಗೇ ಎದ್ದು ಹೋಗುತ್ತಾರೆ. ಉಳಿದವರ ಅರ್ಜಿ ಟಪಾಲಿನಲ್ಲಿ ದಾಖಲಾಗಲಿ. ಮೇಲಧಿಕಾರಿ ಫೋನಿನಲ್ಲಿ ಆದೇಶ ಕೊಟ್ಟರೆ, ಕಡತದಲ್ಲಿ "ದೂರವಾಣಿಯಲ್ಲಿ ಸೂಚಿಸಿದಂತೆ" ಎಂದು ದಿನಾಂಕ, ವೇಳೆ ಹಾಕಿ ಟಿಪ್ಪಣಿ ಬರೆದು ಅವರ ಸಹಿಗೇ ಮಂಡಿಸು. ಇದು ನನ್ನ ಕಿಡಿಗೇಡಿತನವೆಂದು ತಿಳಿಯಬೇಡ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಅದು ಬರಹಕ್ಕೆ ಬರಬೇಕು.

ಸರ್ಕಾರವೇ ಅಲುಗಾಡುವಾಗ ಏನು ಮಾಡಬೇಕು ಎನ್ನುವವರು 2019ರ ಆಗಸ್ಟ್ ನೆನಪಿಸಿಕೊಳ್ಳಲಿ. ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿತ್ತು, 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 20ರವರೆಗೆ ಅವರೊಬ್ಬರದೇ ಸಂಪುಟ. ಯಾವ ಜಿಲ್ಲೆಗೂ ಉಸ್ತುವಾರಿ ಸಚಿವರಿಲ್ಲ. ಅದೇ ಹೊತ್ತಿಗೆ ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿತು. ನರಗುಂದದ ಲಖಮಾಪುರ, ಕೊಣ್ಣೂರು, ರೋಣದ ಹೊಳೆಆಲೂರು, ಮೆಣಸಗಿ ನೀರಿನಲ್ಲಿ ನಿಂತವು. ಗ್ರಾಮ ಲೆಕ್ಕಿಗರು, ಪಿಡಿಒಗಳು, ಶಾಲಾ ಮಾಸ್ತರರು ಯಾವ ಸಚಿವರ ದಾರಿಯನ್ನೂ ಕಾಯಲಿಲ್ಲ. ಪರಿಹಾರ ಕೇಂದ್ರದಲ್ಲಿ ಅನ್ನ ಬೇಯಿಸಿದರು. ಮನೆಮನೆಗೆ ಹೋಗಿ ಪಂಚನಾಮೆ ಮಾಡಿದರು. ತುರ್ತು ಪರಿಹಾರದ 10,000 ರೂಪಾಯಿಗೆ ಪಟ್ಟಿ ಬರೆದರು. ಬಿದ್ದ ಮನೆ ಎ ವರ್ಗವೋ, ಬಿ ವರ್ಗವೋ, ಸಿ ವರ್ಗವೋ ಎನ್ನುವಲ್ಲಿ ಒತ್ತಡ ಬರಲಿಲ್ಲವೇ? ಬಂತು. ಗೋಡೆಯ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆದು ಪಂಚನಾಮೆಗೆ ಹಚ್ಚಿದವನು ಆಮೇಲೆ ಯಾರು ಕೇಳಿದರೂ ತೋರಿಸಬಲ್ಲವನಾದ. ಮಾತಿಗೆ ಕಟ್ಟುಬಿದ್ದು ಬರೆದವನು ಬಹಳ ದಿನ ಓಡಾಡಿದ.

ನಮ್ಮ ಹಿರಿಯರು ಕಂಡ ಬದಲಾವಣೆಯ ಮುಂದೆ ಒಂದು ಸರ್ಕಾರ ಬದಲಾಗುವುದು ಸಣ್ಣದು. 1956ರ ಅಕ್ಟೋಬರ್ 31ರ ರಾತ್ರಿ ರೋಣದ ಮಾಮಲೇದಾರ ಕಚೇರಿಯ ಕಾರಕೂನ ಮುಂಬೈ ಸರ್ಕಾರದ ನೌಕರನಾಗಿ ಮಲಗಿದ, ಬೆಳಿಗ್ಗೆ ಮೈಸೂರು ರಾಜ್ಯದ ನೌಕರನಾಗಿ ಎದ್ದ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯಂಥವರು ಹೋರಾಡಿದ್ದು ಕನ್ನಡನಾಡು ಒಂದಾಗುವ ಆ ದಿನಕ್ಕಾಗಿಯೇ, ಖುಷಿ ಇತ್ತು. ಆದರೆ ನಿಯಮ ಹೊಸದು, ರಾಜಧಾನಿ ದೂರ, ಐದು ಕಡೆಯಿಂದ ಬಂದ ನೌಕರರ ಜ್ಯೇಷ್ಠತೆಯ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು. ಇನ್ನು 1980ರ ಜುಲೈ 21ರ ನರಗುಂದ. ಅಭಿವೃದ್ಧಿ ಕರ, ನೀರಿನ ಕರ ಹಾಕಿದವರು ಮೇಲಿನವರು. ರೈತರ ಸಿಟ್ಟು ಬಂದು ತಟ್ಟಿದ್ದು ತಾಲ್ಲೂಕು ಕಚೇರಿಯ ಬಾಗಿಲಿಗೆ. ರೈತರೂ ಸತ್ತರು, ಪೊಲೀಸರೂ ಸತ್ತರು. 1983ಕ್ಕೆ ಆ ಸರ್ಕಾರ ಹೋಯಿತು. ರೈತನಿಗೆ ಸರ್ಕಾರವೆಂದರೆ ಕೌಂಟರ್ ಹಿಂದೆ ಕುಳಿತ ನೀನೇ ಎಂಬುದನ್ನು ಆ ಊರಿನಲ್ಲಿ ಕೆಲಸ ಮಾಡುವವರು ಮರೆಯಬಾರದು.

ಹಾಗೆಂದು ಹೋದ ಸರ್ಕಾರದ ನೆನಪಿನಲ್ಲಿ ಕೊರಗುವುದೂ ನಮ್ಮ ಕೆಲಸವಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ, ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾದಾಗ, ಆಧಾರ್ ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳೆದುರು "ಬಿಟ್ಟಿ ಭಾಗ್ಯ" ಎಂದು ಕೊಂಕು ನುಡಿದ ನೌಕರರಿದ್ದರು. ನನಗೆ ಅದು ಹಿಡಿಸಲಿಲ್ಲ. ನಾಳೆ ಬೇರೆ ಸರ್ಕಾರ ಬಂದು ಬೇರೆ ಯೋಜನೆ ತಂದರೂ ಇದೇ ಮಾತು ಹೇಳುತ್ತೇನೆ. ನಿನ್ನ ಅಭಿಪ್ರಾಯಕ್ಕೆ ಮತಗಟ್ಟೆ ಇದೆ. ಮತ ಹಾಕು, ಯಾರಿಗೆಂದು ಹೇಳಬೇಡ. ಪಕ್ಷದ ಏಜೆಂಟನಾಗಿ ಮತಗಟ್ಟೆಯಲ್ಲೋ ಎಣಿಕೆಯಲ್ಲೋ ಕುಳಿತರೆ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಕಲಮಿನಡಿ ಮೂರು ತಿಂಗಳವರೆಗೆ ಜೈಲು. ವಾಟ್ಸಾಪ್ ಗುಂಪಿನಲ್ಲಿ ಬರೆದದ್ದೂ ನಡತೆ ನಿಯಮದ ವಿಚಾರಣೆಗೆ ಸಾಕ್ಷಿಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ವರ್ಗಾವಣೆ ಬರಬಹುದು. ಸುಳ್ಳು ಸಮಾಧಾನ ಹೇಳಲಾರೆ. ವರ್ಗಾವಣೆ ಶಿಕ್ಷೆಯಲ್ಲ, ಸೇವೆಯ ಷರತ್ತು. ಆದರೆ ಕನಿಷ್ಠ ಸೇವಾವಧಿಯ ಮಾರ್ಗಸೂಚಿ ಮೀರಿ ಯಾರದೋ ಶಿಫಾರಸು ಟಿಪ್ಪಣಿಯ ಮೇಲೆ ಎತ್ತಿದ್ದರೆ ರಾಜ್ಯ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಬೆಳಗಾವಿ ಪೀಠವಿದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೆಲಸದಿಂದಲೇ ತೆಗೆಯುತ್ತೇನೆ ಎಂದು ಯಾರಾದರೂ ಬೆದರಿಸಿದರೆ ಸಂವಿಧಾನದ 311ನೇ ವಿಧಿ ಓದು. ಆರೋಪಪಟ್ಟಿ, ವಿಚಾರಣೆ ಇಲ್ಲದೆ ಅದು ಸುಲಭಕ್ಕೆ ಆಗುವ ಕೆಲಸವಲ್ಲ. ಕೇಸು ಹಾಕುವ ಮುಂಚೆ ಮನೆಯವರ ಜೊತೆ ಕುಳಿತು ಮಾತಾಡು. ಮಕ್ಕಳ ಶಾಲೆ, ತಾಯಿ ತಂದೆಯ ಔಷಧ, ಮನೆ ಬಾಡಿಗೆ, ಎಲ್ಲ ಲೆಕ್ಕ ಹಾಕು. ಕೆಲವು ಸಲ ಗಜೇಂದ್ರಗಡದಿಂದ ನರಗುಂದಕ್ಕೆ ಹೋಗಿ ಹಾಜರಾಗುವುದೇ ಕೋರ್ಟಿಗಿಂತ ಅಗ್ಗ. ಹೋಗುವಾಗ ಬಾಕಿ ಕಡತಗಳ ಪಟ್ಟಿ ಮಾಡಿ ಮುಂದೆ ಬರುವವರ ಕೈಗೆ ಕೊಟ್ಟು ಸಹಿ ತಗೊ.

ಒಂದು ವಿನಂತಿ ಉಳಿದಿದೆ. ನಿಮ್ಮ ಕಚೇರಿಯಲ್ಲಿ ಈ ಸಲ "ಅಂವ ಹಳೇ ಪಾರ್ಟಿಯಾಂವ" ಎಂಬ ಹಣೆಪಟ್ಟಿ ಹೊತ್ತು ಒಬ್ಬ ಒಂಟಿಯಾಗಿ ಬುತ್ತಿ ಉಣ್ಣುತ್ತಿರುತ್ತಾನೆ. ಅವನ ಪಕ್ಕ ಹೋಗಿ ಕುಳಿತುಕೊಳ್ಳಿ. ಊಟವಾದ ಮೇಲೆ ಇಬ್ಬರೂ ಸೇರಿ ಅವಧಿ ಮೀರಿದ ಸಕಾಲ ಅರ್ಜಿಗಳನ್ನು ತೆಗೆಯಿರಿ. 2011ರ ಸಕಾಲ ಕಾಯ್ದೆಯನ್ನು ಆಮೇಲೆ ಬಂದ ಯಾವ ಪಕ್ಷದ ಸರ್ಕಾರವೂ ರದ್ದು ಮಾಡಿಲ್ಲ. ಅರ್ಜಿ ಕೊಟ್ಟವರು ಇನ್ನೂ ಕಾಯುತ್ತಿದ್ದಾರೆ.