ನೂರ ನಾಲ್ಕು ಪಾಲಿನ ಕಟ್ಟಡ

ಎರಡನೇ ಮಾಳಿಗೆಯ ಫ್ಲ್ಯಾಟು ಮಾರಾಟಕ್ಕಿದೆ ಎಂದಾಗ ನಾನು ತಲೆಕೆಡಿಸಿಕೊಳ್ಳಲಿಲ್ಲ. ಮಾರುವವರು ಅವರು, ಕೊಳ್ಳುವವರು ಯಾರೋ. ಸಂಘದ ಖಜಾಂಚಿಯಾದ ನನ್ನ ಕೆಲಸ ಲೆಟರ್‌ಹೆಡ್ಡಿನಲ್ಲಿ ‘ಬಾಕಿ ಇಲ್ಲ’ ಎಂದು ಬರೆದು ಸೀಲು ಒತ್ತುವುದು, ಅಷ್ಟೇ. ಮಂಗಳೂರಿನ ಬಲ್ಮಠದ ಈ ಕಟ್ಟಡಕ್ಕೆ ಬಂದು ಹದಿನೆಂಟು ವರ್ಷವಾಯಿತು. ಅಂಥ ಸೀಲು ಬೇಕಾದಷ್ಟು ಒತ್ತಿದ್ದೇನೆ.

ಆಟಿ ತಿಂಗಳಲ್ಲಿ ನಮ್ಮೂರಲ್ಲಿ ಮನೆ ವ್ಯವಹಾರ ಮಾಡುವವರು ಕಡಿಮೆ. ಆದರೆ ಬ್ಯಾಂಕಿಗೆ ಆಟಿ ಇಲ್ಲ. ಸುರಿಯುವ ಮಳೆಯಲ್ಲಿ ಒಂದು ಶನಿವಾರ, ಕೊಳ್ಳಲು ಹೊರಟಿದ್ದ ಹುಡುಗಿ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಅಂಕಲ್, ಬ್ಯಾಂಕಿನ ವಕೀಲರು ಇದನ್ನು ಕೇಳಿದ್ದಾರೆ” ಎಂದು ಒಂದು ಹಾಳೆ ಕೊಟ್ಟಳು.

ಹಾಳೆಯಲ್ಲಿ ಆಕೆಯ ಸಂಬಳದ ಬಗ್ಗೆಯಾಗಲೀ ಮಾರುವವರ ಬಗ್ಗೆಯಾಗಲೀ ಪ್ರಶ್ನೆಯೇ ಇರಲಿಲ್ಲ. ಇದ್ದದ್ದೆಲ್ಲ ನಮ್ಮ ಬಗ್ಗೆ. ಕಟ್ಟಡದ ಕಂಪ್ಲೀಷನ್ ಸರ್ಟಿಫಿಕೇಟ್ ಎಲ್ಲಿ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಣಿಯಾದ ಡಿಕ್ಲರೇಶನ್ ಡೀಡಿನ ಪ್ರತಿ ಎಲ್ಲಿ? ಕೊನೆಯಲ್ಲೊಂದು ಸಾಲು: ಎಲ್ಲ ಕ್ರಯಪತ್ರಗಳಲ್ಲಿನ ಭೂಮಿಯ ಅವಿಭಜಿತ ಪಾಲನ್ನು ಕೂಡಿಸಿದರೆ ಶೇ 104 ಬರುತ್ತದಲ್ಲ, ಇದು ಹೇಗೆ?

ಹೇಗೆ ಎಂದರೆ, ಡಿಕ್ಲರೇಶನ್ನಿನಲ್ಲಿ ಇರುವುದು ಇಪ್ಪತ್ತನಾಲ್ಕು ಫ್ಲ್ಯಾಟು. ಅವುಗಳಿಗೆ ನೂರು ಪಾಲೂ ಹಂಚಿ ಮುಗಿದಿತ್ತು. ಆಮೇಲೆ ಬಿಲ್ಡರು ತಾರಸಿಯ ಮೂಲೆಯಲ್ಲಿ ಇನ್ನೊಂದು ಮನೆ ಎಬ್ಬಿಸಿ, ಇಲ್ಲದ ನಾಲ್ಕು ಪಾಲನ್ನು ಸೇರಿಸಿ ಮಾರಿ ಹೋಗಿದ್ದರು. ಕಾಲು ಶತಮಾನ ನಮ್ಮಲ್ಲಿ ಯಾರೂ ಕೂಡಿಸಿ ನೋಡಿರಲಿಲ್ಲ. ಈ ಜಿಲ್ಲೆಯ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಾದರೂ ಸಿಗುತ್ತಾರೆ. 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಊರಲ್ಲವೇ. ನಮ್ಮಲ್ಲಿ ಇಬ್ಬರಿದ್ದಾರೆ. ಅವರೂ ಕೂಡಿಸಿರಲಿಲ್ಲ.

ಕಾಗದದ ಜೊತೆಗೆ ಲೆಕ್ಕದ ಪೆಟ್ಟೂ ಬಿತ್ತು. ಒಪ್ಪಿದ ಬೆಲೆ 50 ಲಕ್ಷ. ಕಟ್ಟಡ ಹಳತು, ಸೀಲಿಂಗಿನಲ್ಲಿ ನೀರಿನ ಕಲೆ ಎಂದು ಬ್ಯಾಂಕಿನ ವ್ಯಾಲ್ಯುವರ್ ಬರೆದದ್ದು 42 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಮೌಲ್ಯದ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಮಿತಿ. ಇಲ್ಲಿ ಮೌಲ್ಯವೆಂದರೆ ವ್ಯಾಲ್ಯುವರ್ ಬರೆದದ್ದೇ. ಹಾಗಾಗಿ ಸಿಗುವ ಸಾಲ ಹೆಚ್ಚೆಂದರೆ 33 ಲಕ್ಷ 60 ಸಾವಿರ. ಉಳಿದ 16 ಲಕ್ಷ 40 ಸಾವಿರ ಕೈಯಿಂದ. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನೂ ಮೌಲ್ಯಕ್ಕೆ ಸೇರಿಸುವಂತಿಲ್ಲ, ಅದೂ ಕೈಯಿಂದಲೇ. ಆ ನೀರಿನ ಕಲೆ ಯಾರದ್ದು? ಮಾರುವವರದ್ದಲ್ಲ. ತಾರಸಿಯ ನೀರು ಪೈಪಿನ ಸಂದಿಯಲ್ಲಿ ಇಳಿದು ಬಂದದ್ದು. ತಾರಸಿಗೆ ಶೀಟು ಹಾಕಿಸುವ ವಿಷಯವನ್ನು ಮೂರು ಮಹಾಸಭೆಗಳಲ್ಲಿ ಮುಂದೂಡಿದವರು ನಾವು. ಮುಂದೂಡೋಣ ಎಂದವರಲ್ಲಿ ನಾನೂ ಒಬ್ಬ.

ಹುಡುಗಿ ಎರಡು ತಿಂಗಳು ಕಾದು ಬಿಜೈಯಲ್ಲಿ ಬೇರೆ ಫ್ಲ್ಯಾಟು ತೆಗೆದುಕೊಂಡಳು. ನಮ್ಮದು ಕೊನೆಗೆ ಸಾಲವೇ ಬೇಡದ, ಇಡೀ ದುಡ್ಡು ಕೊಟ್ಟ ಒಬ್ಬರಿಗೆ 43 ಲಕ್ಷಕ್ಕೆ ಹೋಯಿತು. ಏಳು ಲಕ್ಷ ಕಳೆದುಕೊಂಡ ನೆರೆಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇನ್ನೂ ಚುಚ್ಚುತ್ತದೆ. ಈಗ ನನ್ನ ಫ್ಲ್ಯಾಟಿನ ಬೆಲೆ ಕೇಳಿದರೂ ಬ್ರೋಕರು ಆ 43ರಿಂದಲೇ ಶುರು ಮಾಡುತ್ತಾನೆ.

ಫ್ಲೋರಿಡಾದಲ್ಲಿರುವ ಅಣ್ಣನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ಚಿಕ್ಕಪ್ಪ, ಇಲ್ಲಿ ಬ್ಯಾಂಕಿನವರು ಸಂಘದ ಪಾಸ್‌ಬುಕ್ಕನ್ನೇ ಕೇಳುತ್ತಾರೆ” ಎಂದಳು. ಸಾಲಗಳನ್ನು ಬ್ಯಾಂಕುಗಳಿಂದ ಕೊಳ್ಳುವ ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಎಂಬ ಸಂಸ್ಥೆಗಳು ಅಲ್ಲಿವೆ. ವಾರ್ಷಿಕ ಬಜೆಟ್ಟಿನ ಶೇ 10ನ್ನಾದರೂ ಸಂಘ ರಿಪೇರಿ ನಿಧಿಗೆ ಎತ್ತಿಡಬೇಕು, ಶೇ 15ಕ್ಕಿಂತ ಹೆಚ್ಚು ಮನೆಗಳವರು ಎರಡು ತಿಂಗಳು ಮೀರಿ ಬಾಕಿ ಉಳಿಸಿಕೊಂಡಿರಬಾರದು ಎಂಬುದು ಅವರ ರೂಢಿಯ ಅಳತೆಯಾಗಿತ್ತು. 2021ರ ಜೂನ್ 24ರಂದು ಅದೇ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಕಡಲ ಬದಿಯ ಕಟ್ಟಡ ಕುಸಿದು 98 ಮಂದಿ ಸತ್ತ ಮೇಲೆ ಬಾಕಿ ಇರುವ ರಿಪೇರಿಗಳ ಬಗ್ಗೆಯೂ ಬಿಗಿಯಾಗಿ ಕೇಳತೊಡಗಿದರು. ಉತ್ತರ ಸರಿಯಿಲ್ಲದ ಕಟ್ಟಡದಲ್ಲಿ ಸಾಲ ಸಿಗುವುದು ಕಷ್ಟ. ಮನೆ ನಗದು ಇದ್ದವರ ಪಾಲು. ನಮ್ಮ ಎರಡನೇ ಮಾಳಿಗೆಗೆ ಆದದ್ದೂ ಅದೇ ಅಲ್ಲವೇ? ವ್ಯತ್ಯಾಸ ಇಷ್ಟೆ: ನಮ್ಮ ಬ್ಯಾಂಕು ಮೂವತ್ತು ವರ್ಷ ಹಿಂದಿನ ಕಾಗದ ಕೆದಕುತ್ತದೆ, ಸಂಘದ ಖಾತೆಯಲ್ಲಿ ಶೀಟಿಗೆ ದುಡ್ಡಿದೆಯೇ ಎಂದು ಕೇಳುವುದಿಲ್ಲ. ಕೇಳಿದ್ದರೆ ನಾವು ಮೂರು ಸಲ ಮುಂದೂಡುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಸಂಘಕ್ಕೇ ಸಾಲ ತೆಗೆಯೋಣವೆಂದು ಹೋಗಿದ್ದೆ. “ಅಡವಿಗೆ ಎಂತ ಇಡ್ತೀರಿ ಮಾರಾಯ್ರೇ?” ಎಂದರು ಪರಿಚಯದ ಮ್ಯಾನೇಜರು. ಲಿಫ್ಟು, ಮೆಟ್ಟಿಲು, ತಾರಸಿ ಎಲ್ಲರದ್ದು. ಸಂಘದ ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗವೂ ಇಲ್ಲ. ಬಾಕಿದಾರರನ್ನು ಹಿಡಿಯೋಣವೆಂದರೆ, ಕಾಯ್ದೆ ಮೆಂಟೇನನ್ಸ್ ಬಾಕಿಗೆ ಫ್ಲ್ಯಾಟಿನ ಮೇಲೆ ಹಕ್ಕು ಕೊಟ್ಟಿದೆ ನಿಜ, ಆದರೆ ಸರದಿಯಲ್ಲಿ ಸರಕಾರದ ತೆರಿಗೆ ಮುಂದೆ, ಮೊದಲ ಅಡಮಾನದ ಬ್ಯಾಂಕು ಮುಂದೆ, ನಾವು ಹಿಂದೆ. ಸಾಲ ತೀರಿಸದ ಒಂದು ಮನೆಯನ್ನು ಬ್ಯಾಂಕು ‘ಇದ್ದಲ್ಲಿ ಇದ್ದಂತೆ’ ಹರಾಜು ಹಾಕಿದಾಗ ನಮ್ಮ ಒಂದೂವರೆ ಲಕ್ಷ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ, ಕಂತು ಕಂತಾಗಿ ವಸೂಲು ಮಾಡಿದೆ.

ಹೊಸ ಕಟ್ಟಡಗಳಿಗೆ ರೇರಾ ಎಂಬ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇದೆ. ಹಳಬರ ದಾರಿ ಇನ್ನಷ್ಟು ಇಕ್ಕಟ್ಟಾದದ್ದು 2024ರ ಡಿಸೆಂಬರ್ 17ರಂದು. ಕಂಪ್ಲೀಷನ್ ಅಥವಾ ಆಕ್ಯುಪೇಶನ್ ಸರ್ಟಿಫಿಕೇಟನ್ನು ಪರಿಶೀಲಿಸಿಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ನಮ್ಮ ಸರ್ಟಿಫಿಕೇಟು ಪುಣ್ಯಕ್ಕೆ ಹಿಂದಿನ ಕಾರ್ಯದರ್ಶಿಯ ಅಟ್ಟದಲ್ಲಿತ್ತು, ಗೆದ್ದಲು ಅಂಚನ್ನಷ್ಟೇ ತಿಂದಿತ್ತು.

ಉಳಿದದ್ದು 104ರ ಲೆಕ್ಕ. ಪಾಲು ಬದಲಿಸಬೇಕಾದರೆ ತಿದ್ದುಪಡಿ ಡಿಕ್ಲರೇಶನ್ನಿಗೆ ಒಬ್ಬರೂ ಬಿಡದಂತೆ ಎಲ್ಲ ಮಾಲೀಕರ ಒಪ್ಪಿಗೆ ಬೇಕು. ಮಸ್ಕತ್ತಿನಲ್ಲಿ ಇಬ್ಬರು, ಮುಂಬೈಯಲ್ಲಿ ಮೂವರು, ತೀರಿಹೋದ ಒಬ್ಬರಿಗೆ ಮಾತನಾಡಿಕೊಳ್ಳದ ನಾಲ್ವರು ಮಕ್ಕಳು. ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತನಾಲ್ಕು ಮನೆಗಳ ಸಹಿ ಬಿತ್ತು. ತಾರಸಿ ಮನೆಯವರು ಮಾತ್ರ, “ನಮ್ಮ ಕ್ರಯಪತ್ರದಲ್ಲಿ ನಾಲ್ಕು ಪಾಲು ಇದೆ, ನಾವು ಯಾಕೆ ಬಿಟ್ಟುಕೊಡಬೇಕು?” ಎಂದು ಕುಳಿತರು.

ಹೋದ ವಾರ ಅವರ ಮಗ ಬಂದಿದ್ದ. ಅಂಗಡಿಗೆ ಸಾಲ ಬೇಕಂತೆ, ಮನೆ ಅಡವಿಡಲು ಸಂಘದ ಎನ್‌ಓಸಿ ಬೇಕಂತೆ. ಬರೆದುಕೊಟ್ಟೆ. ಬ್ಯಾಂಕಿನ ವಕೀಲರು ಏನೇನು ಕೂಡಿಸಿ ನೋಡುತ್ತಾರೆ ಎಂಬುದನ್ನೂ ವಿವರಿಸಿದೆ. ಮಂಗಳವಾರ ಬೆಳಿಗ್ಗೆ, ನಾನಿನ್ನೂ ಕಾಫಿ ಕುಡಿಯುತ್ತಿದ್ದಾಗ, ಅಪ್ಪನನ್ನು ಕೈಹಿಡಿದು ಕರೆದುಕೊಂಡು ಬಂದ. “ಎಲ್ಲಿ ಸಹಿ ಹಾಕಬೇಕು?” ಎಂದರು ಅವರು, ಕೂರದೆಯೇ.