ಬೆಳ್ಳಿ ರೂಪಾಯಿ ಮತ್ತು ಜರ್ಮನಿಯ ಥಾಲರ್: ನಾಣ್ಯ ಸಂಗ್ರಹಕ್ಕೆ ಮುನ್ನ ಅರಿಯಬೇಕಾದ ಇತಿಹಾಸ

ಕುಳಗೇರಿ ಕ್ರಾಸ್‌ನಿಂದ ಬಾದಾಮಿ, ಹುನಗುಂದ, ಇಳಕಲ್‌ವರೆಗಿನ ನಮ್ಮ ಪೇಟೆಗಳಲ್ಲಿ ಹಳೆಯ ಬೆಳ್ಳಿ ರೂಪಾಯಿ ಅಪರಿಚಿತ ವಸ್ತುವಲ್ಲ. ದೀಪಾವಳಿಯ ಅಂಗಡಿ ಪೂಜೆಯಲ್ಲಿ ಅದಕ್ಕೆ ಸ್ಥಾನವಿದೆ. ಅಡಚಣೆಯ ದಿನಗಳಲ್ಲಿ ಅದು ಸರಾಫರ ತಕ್ಕಡಿಗೆ ಬಂದು, ತೂಕದ ಬೆಲೆಗೆ ಮಾರಾಟವಾಗಿ ಕರಗಿಹೋಗುತ್ತದೆ. ಹೀಗೆ ಕರಗುವುದು ಕೇವಲ ಲೋಹವಲ್ಲ. ನಮ್ಮದೇ ವ್ಯಾಪಾರದ ದಾಖಲೆಯೂ ಹೌದು.

ಪೇಶ್ವೆಯರ ಕಾಲದಲ್ಲಿ ಬಾಗಲಕೋಟೆಯಲ್ಲಿಯೇ ಟಂಕಸಾಲೆಯಿತ್ತು. ರಾಸ್ತೆ ಮನೆತನದ ಮಲ್ಹಾರರಾಯರ ಹೆಸರಿನಿಂದ ಅಲ್ಲಿಯ ನಾಣ್ಯಕ್ಕೆ ‘ಮಲ್ಹಾರಶಾಹಿ’ ರೂಪಾಯಿ ಎಂಬ ಹೆಸರು ಬಂದಿತು. ಊರೂರಿನ ನಾಣ್ಯಕ್ಕೆ ಬೇರೆ ಬೇರೆ ವಟ್ಟ ಕೊಡಬೇಕಾಗಿದ್ದ ಆ ವ್ಯವಸ್ಥೆಗೆ 1835ರ ಕಾನೂನು ತೆರೆ ಎಳೆಯಿತು. ಅಲ್ಲಿಂದ ಕಂಪನಿಯ ರೂಪಾಯಿಯೊಂದೇ ಅಧಿಕೃತ: ತೂಕ 180 ಗ್ರೇನ್, ಎಂದರೆ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಭಾಗ ಶುದ್ಧ ಬೆಳ್ಳಿ. ಇದೇ ಒಂದು ತೊಲೆ. ಆದ್ದರಿಂದಲೇ ರೂಪಾಯಿಯು ಹಣವೂ ಆಗಿತ್ತು, ತೂಕದ ಕಲ್ಲೂ ಆಗಿತ್ತು.

ಇದಕ್ಕೂ ಜರ್ಮನಿಗೂ ಏನು ಸಂಬಂಧ? 1871ರಲ್ಲಿ ಏಕೀಕರಣವಾಗುವ ಮೊದಲು ಪ್ರಶಿಯಾ, ಸ್ಯಾಕ್ಸನಿ, ಬವೇರಿಯಾ ಮುಂತಾದ ರಾಜ್ಯಗಳು ತಮ್ಮ ತಮ್ಮ ಅರಸರ ಮುದ್ರೆಯ ನಾಣ್ಯಗಳನ್ನು ಹೊರಡಿಸುತ್ತಿದ್ದವು. 1857ರ ಒಪ್ಪಂದದ ಥಾಲರ್ ನಾಣ್ಯದಲ್ಲಿ 16.67 ಗ್ರಾಂ ಶುದ್ಧ ಬೆಳ್ಳಿ ಇರುತ್ತಿತ್ತು. ಹೊಸ ಸಾಮ್ರಾಜ್ಯವು ಚಿನ್ನದ ಮಾರ್ಕ್ ಅನ್ನು ಅಂಗೀಕರಿಸಿ, ಹಳೆಯ ಬೆಳ್ಳಿ ನಾಣ್ಯಗಳನ್ನು ಹಿಂಪಡೆದು ಕರಗಿಸಿ 1879ರವರೆಗೆ ಮಾರಾಟ ಮಾಡಿತು. ಅಮೆರಿಕದ ನೆವಾಡಾ ಗಣಿಗಳ ಬೆಳ್ಳಿಯೂ ಅದೇ ಕಾಲಕ್ಕೆ ಮಾರುಕಟ್ಟೆಗೆ ಬಂದಿತು. ಸುಮಾರು 2 ಶಿಲಿಂಗ್ ಬಾಳುತ್ತಿದ್ದ ರೂಪಾಯಿ 1892-93ರ ವೇಳೆಗೆ 1 ಶಿಲಿಂಗ್ 3 ಪೆನ್ಸ್‌ಗೆ ಇಳಿಯಿತು. ಹತ್ತಿ ಕಳುಹಿಸುವವನಿಗೆ ಇದು ಅನುಕೂಲ. ವಿಲಾಯತಿ ನೂಲು ತರಿಸುವವನಿಗೆ ಹೊರೆ.

ಅದುವರೆಗೆ ಯಾರು ಬೇಕಾದರೂ ಮುಂಬಯಿ ಟಂಕಸಾಲೆಗೆ ಬೆಳ್ಳಿಯನ್ನೊಯ್ದು, ಅಲ್ಪ ಶುಲ್ಕ ತೆತ್ತು ರೂಪಾಯಿ ಪಡೆಯಬಹುದಾಗಿತ್ತು. 1876-78ರ ಭೀಕರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಬಹಳ ನೊಂದಿತು. ಆ ವರ್ಷಗಳಲ್ಲಿ ರೈತರ ಕಡಗ, ಡಾಬುಗಳ ಬೆಳ್ಳಿ ಮುಂಬಯಿಗೆ ಹರಿದು ನಾಣ್ಯವಾಯಿತು. 1893ರ ಜೂನ್ 26ರಂದು ಸರಕಾರವು ಈ ಬಾಗಿಲನ್ನು ಮುಚ್ಚಿತು. ಆ ಬಳಿಕ ರೂಪಾಯಿಯ ಬೆಲೆ ನಿಂತಿತು, ಆಭರಣದ ಬೆಳ್ಳಿಯ ಬೆಲೆ ಕುಸಿಯಿತು. 1896-97ರಲ್ಲಿ ಮತ್ತೆ ಬರ ಬಂದಾಗ ತೊಲೆ ಬೆಳ್ಳಿಗೆ ಒಂದು ರೂಪಾಯಿ ದೊರೆಯಲಿಲ್ಲ. ಬರ್ಲಿನ್ನಿನಲ್ಲಿ ಆರಂಭವಾದ ಸರಪಳಿಯ ಕೊನೆಯ ಕೊಂಡಿ ನಮ್ಮ ರೈತನ ಮನೆಯಲ್ಲಿತ್ತೆಂಬುದನ್ನು ಅರ್ಥಶಾಸ್ತ್ರದ ಪುಸ್ತಕಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಸಂಗ್ರಾಹಕರಿಗೆ ಇನ್ನೊಂದು ಸ್ವಾರಸ್ಯವಿದೆ. ಸ್ವತಃ ಜರ್ಮನರೇ ರೂಪಾಯಿಯನ್ನು ಮುದ್ರಿಸಿದ್ದರು! ಪೂರ್ವ ಆಫ್ರಿಕದ ಕರಾವಳಿಯಲ್ಲಿ ಭಾರತೀಯ ವರ್ತಕರಿಂದಾಗಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿದ್ದುದರಿಂದ, ಅಲ್ಲಿಯ ಜರ್ಮನ್ ಕಂಪನಿಯು 1890ರಿಂದ ಕೈಸರ್ ಎರಡನೆಯ ವಿಲ್ಹೆಲ್ಮನ ಚಿತ್ರವುಳ್ಳ ರೂಪಾಯಿಯನ್ನು ಹೊರಡಿಸಿತು. ತೂಕ, ಶುದ್ಧತೆ ಎರಡೂ ಭಾರತದ ರೂಪಾಯಿಯವೇ. 64 ಪೈಸೆಯ ಲೆಕ್ಕವೂ ನಮ್ಮದೇ. 1904ರಿಂದ ಮಾತ್ರ ಅದನ್ನು 100 ಹೆಲರ್‌ಗಳಾಗಿ ವಿಭಜಿಸಲಾಯಿತು. ಜರ್ಮನಿಯ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸಬಯಸುವ ನಮ್ಮ ಓದುಗರು ಇಲ್ಲಿಂದ ಆರಂಭಿಸುವುದೇ ಸೂಕ್ತವೆಂದು ನಮ್ಮ ಅಭಿಪ್ರಾಯ. (‘ಜರ್ಮನ್ ಸಿಲ್ವರ್’ ಎಂದು ಮಾರಾಟವಾಗುವುದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ; ಅದರಲ್ಲಿ ಬೆಳ್ಳಿಯ ಅಂಶವೇ ಇಲ್ಲ.)

ಕೊಳ್ಳುವಾಗ ಮೊದಲು ತೂಕ ನೋಡಬೇಕು. ಸವೆತದಿಂದ ತುಸು ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ. 1862ರ ರಾಣಿ ರೂಪಾಯಿಯನ್ನು ಅಪೂರ್ವವೆಂದು ಮಾರುವವರಿದ್ದಾರೆ. ಅದೇ ಇಸವಿಯನ್ನು 1874ರವರೆಗೂ ಮುದ್ರಿಸಿದ್ದರಿಂದ ಅದು ಸಾಮಾನ್ಯ ನಾಣ್ಯ. 1939ರ ರೂಪಾಯಿ ನಿಜಕ್ಕೂ ವಿರಳ. ಹಾಗೆಯೇ 1911ರದು: ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಬಂದು ಮರುವರ್ಷ ಅಚ್ಚನ್ನು ಬದಲಿಸಲಾಯಿತು. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. 1947ರಲ್ಲಿ ನಿಕ್ಕಲ್ ಬಂದಿತು. ಕೊಂಡಿ ಬೆಸೆದ, ತೂತು ಕೊರೆದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಕಡಿಮೆ. ಹುಣಸೆಹಣ್ಣಿನಿಂದ ತಿಕ್ಕಿ ಹೊಳಪಿಸುವುದನ್ನಂತೂ ಸರ್ವಥಾ ಮಾಡಬಾರದು.

ಕಾನೂನಿನ ವಿಷಯವನ್ನೂ ಗಮನಿಸಬೇಕು. ನೂರು ವರ್ಷಕ್ಕೂ ಹಳೆಯ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ; ಅದರ ಮಾರಾಟವನ್ನೇ ವೃತ್ತಿಯಾಗಿಸಿಕೊಳ್ಳಲು ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ದೊರೆತ ನಿಧಿಯನ್ನು ಕಾನೂನಿನಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಗುರುತಿಲ್ಲದವರು ಮಣ್ಣು ಮೆತ್ತಿದ ನಾಣ್ಯಗಳ ಗಂಟನ್ನು ಅಂಗಡಿಗೆ ತಂದಾಗ, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳದಿರುವುದು ಲೇಸು.